ಉಬ್ಬಸದ ಲೆಕ್ಕವನ್ನು ಬಸ್ಸಿನಲ್ಲಿ ಕೂತು ಬರೆಯಬೇಡ

ಮಗಳೇ, ಡಾಕ್ಟರು ನಿನಗೆ ಊದುವ ಮೀಟರು ಕೊಡಿಸಿ, ಬೆಳಿಗ್ಗೆ ಸಂಜೆ ಊದಿ ಬಂದ ಅಂಕಿ ಬರೆದಿಡು ಎಂದಿದ್ದಾರೆ. ಪುಸ್ತಕದಲ್ಲಿ ಬರೆಯಲೋ ಮೊಬೈಲಿನಲ್ಲೋ ಎಂದು ನೀನು ಕೇಳುತ್ತಿದ್ದೀಯ. ನಿನ್ನ ಯಜಮಾನ ಆಗಲೇ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಾನೆ. ನಿಮ್ಮತ್ತೆ ಮೊಮ್ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಿಗೆ ಗೆರೆ ಎಳೆದು ಇಟ್ಟಿದ್ದಾರೆ. ಇಬ್ಬರದೂ ನಿನ್ನ ಮೇಲಿನ ಕಾಳಜಿಯೇ. ನಾನೂ ಈ ಉಬ್ಬಸದ ಜೊತೆಯಲ್ಲೇ ತಲೆ ನರೆಸಿಕೊಂಡವನು, ನಮ್ಮ ಹುಣಸೂರು ಸೀಮೆಯಲ್ಲಿ ಇದನ್ನು ಗೂರಲು, ದಮ್ಮು ಎನ್ನುತ್ತಿದ್ದ ಕಾಲದಿಂದ. ಆ ಸಲುಗೆಯಿಂದ ಹೇಳುತ್ತೇನೆ, ಕೇಳು. ಎಲ್ಲಿ ಬರೆದೆ ಅನ್ನುವುದು ಆಮೇಲಿನ ಮಾತು. ಊದಿದ ಗಳಿಗೆಯಲ್ಲೇ ಬರೆದೆಯಾ, ಇಲ್ಲವಾ? ಮೊದಲು ಅದನ್ನು ಸರಿಮಾಡಿಕೋ.

ಪಿರಿಯಾಪಟ್ಟಣದಿಂದ ಮೈಸೂರಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ಆಸ್ಪತ್ರೆಗೆ ಹೊರಟವರು ಹುಣಸೂರು ದಾಟುತ್ತಿದ್ದಂತೆ ಚೀಲದಿಂದ ಹಾಳೆ ತೆಗೆಯುತ್ತಾರೆ. ಬಿಳಿಕೆರೆ ಬರುವಷ್ಟರಲ್ಲಿ ಹಿಂದಿನ ಎರಡು ವಾರದ ಖಾಲಿ ಮನೆಗಳೆಲ್ಲ ತುಂಬಿರುತ್ತವೆ. 300, 310, 300, 310. ಒಂದೇ ಪೆನ್ನು, ಒಂದೇ ಓಟದ ಅಕ್ಷರ. ಅವರು ಮೋಸಗಾರರಲ್ಲ. ಡಾಕ್ಟರು ಬೈದಾರು ಎಂಬ ಅಂಜಿಕೆ, ಅಷ್ಟೆ. ಆದರೆ ಆ ಹಾಳೆ ನೋಡಿದ ಡಾಕ್ಟರು ಏನು ತಿಳಿಯಬೇಕು? ಎಲ್ಲ ಹಿಡಿತದಲ್ಲಿದೆ, ಇದೇ ಔಷಧಿ ಮುಂದುವರಿಯಲಿ ಎಂದು ಬರೆದು ಕಳಿಸುತ್ತಾರೆ. ನಡುರಾತ್ರಿ ಎದ್ದು ಕಿಟಕಿ ಹಿಡಿದು ಕೂತಿದ್ದ ಆ ಮೂರು ರಾತ್ರಿ ಲೆಕ್ಕಕ್ಕೇ ಬರುವುದಿಲ್ಲ.

ಇದು ನಮ್ಮೂರಿನವರ ಚಾಳಿ ಮಾತ್ರ ಅಂದುಕೊಳ್ಳಬೇಡ. ಅಮೆರಿಕದಲ್ಲಿ ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ದೀರ್ಘಕಾಲದ ನೋವಿನಿಂದ ನರಳುವ 80 ಮಂದಿಗೆ ಡೈರಿ ಕೊಟ್ಟರು, ಅರ್ಧ ಜನಕ್ಕೆ ಕಾಗದದ್ದು, ಅರ್ಧ ಜನಕ್ಕೆ ಎಲೆಕ್ಟ್ರಾನಿಕ್. ದಿನಕ್ಕೆ ಮೂರು ಹೊತ್ತು, ಹೇಳಿದ ಸಮಯಕ್ಕೆ ಬರೆಯಬೇಕಿತ್ತು. ಕಾಗದದ ಡೈರಿಯ ರಟ್ಟಿನೊಳಗೆ ಬೆಳಕು ಬಿದ್ದರೆ ಗುರುತಿಸುವ ಪುಟ್ಟ ಸಾಧನವನ್ನು ಅವರಿಗೆ ತಿಳಿಯದ ಹಾಗೆ ಇಟ್ಟಿದ್ದರು. ಡೈರಿ ತೆರೆದದ್ದು ಯಾವಾಗ, ಮುಚ್ಚಿದ್ದು ಯಾವಾಗ ಎಲ್ಲ ದಾಖಲಾಗುತ್ತಿತ್ತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಬಂತು. ಕಾಗದದವರು ಶೇ 90ರಷ್ಟು ಸಲ ಹೊತ್ತಿಗೆ ಸರಿಯಾಗಿ ಬರೆದೆವು ಎಂದು ತೋರಿಸಿದ್ದರು. ನಿಜವಾಗಿ ಹೊತ್ತಿಗೆ ಬರೆದದ್ದು ಶೇ 11 ಮಾತ್ರ. ಸುಮಾರು ಮೂರನೇ ಒಂದು ಪಾಲು ದಿನ ಡೈರಿ ತೆರೆದೇ ಇರಲಿಲ್ಲ, ಆದರೂ ಆ ದಿನಗಳ ಮನೆಗಳೆಲ್ಲ ಭರ್ತಿ! ಎಲೆಕ್ಟ್ರಾನಿಕ್ ಡೈರಿ ಹಿಡಿದವರಲ್ಲಿ ಹೊತ್ತಿಗೆ ಬರೆದದ್ದು ಶೇ 94.

ಅಂದಮೇಲೆ ಮೊಬೈಲೇ ಮೇಲು ಅನ್ನುತ್ತೀಯ. ತಾಳು.

ನಿಮ್ಮ ಮನೆಯಲ್ಲಿ ಹಾಲಿನ ಡೇರಿಯ ಕಾರ್ಡು ಇದೆಯಲ್ಲ, ಅದನ್ನು ಒಮ್ಮೆ ತೆಗೆದು ನೋಡು. ತಾರೀಖು, ಬೆಳಿಗ್ಗೆ, ಸಂಜೆ. ಲೀಟರ್ ಎಷ್ಟು, ಫ್ಯಾಟ್ ಎಷ್ಟು. ನಿಮ್ಮತ್ತೆ ಗೆರೆ ಎಳೆದಿಟ್ಟ ಹಾಳೆಯೂ ಹಾಗೇ ಇದೆ. ಹಾಲಿನ ಕಾರ್ಡನ್ನು ವಾರದ ಕೊನೆಗೆ ನೆನಪಿನಿಂದ ತುಂಬಿದವರನ್ನು ಎಲ್ಲಾದರೂ ಕಂಡಿದ್ದೀಯಾ? ಅಳತೆ ಆದ ಕೂಡಲೇ, ಅಲ್ಲೇ, ಕಣ್ಣೆದುರಿಗೇ ಬರೆಸಿಕೊಳ್ಳುತ್ತಾರೆ, ಯಾಕೆಂದರೆ ಅದರ ಹಿಂದೆ ದುಡ್ಡಿದೆ. ಉಸಿರಿನ ಕಾರ್ಡಿನ ಹಿಂದೆ ಏನಿದೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ.

ಇಷ್ಟಕ್ಕೂ ಉಬ್ಬಸಕ್ಕೆ ಈ ಬರವಣಿಗೆ ಯಾಕೆ ಬೇಕು? ಜ್ವರ ಬಂದವನನ್ನು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಉಬ್ಬಸ ಹಾಗಲ್ಲ, ಬರುತ್ತದೆ, ಹೋಗುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದೆ ಕಟ್ಟಿ ಸುಯ್‌ಗುಟ್ಟುವವಳು ಹನ್ನೊಂದು ಗಂಟೆಗೆ ಆಸ್ಪತ್ರೆಯ ಸಾಲಿನಲ್ಲಿ ಆರಾಮವಾಗಿ ನಿಂತಿರಬಹುದು. ಸ್ಟೆತಾಸ್ಕೋಪ್ ಇಟ್ಟರೆ ಸದ್ದೇ ಇಲ್ಲ. ನೀನು ಹೇಳಿದ್ದನ್ನು ನಂಬುವುದೋ, ಕಿವಿಗೆ ಕೇಳಿದ್ದನ್ನು ನಂಬುವುದೋ ಎಂದು ಡಾಕ್ಟರಿಗೂ ಕಷ್ಟ. ಆ ನಾಲ್ಕು ಗಂಟೆಯನ್ನು ಹನ್ನೊಂದು ಗಂಟೆಗೆ ಅವರ ಮೇಜಿನ ಮೇಲೆ ಇಡಲು ಇರುವ ದಾರಿ ಡೈರಿಯೊಂದೇ.

ನಮ್ಮ ನಾಲ್ಕು ತಾಲ್ಲೂಕಿಗೆ ಇದು ಇನ್ನೂ ಹೆಚ್ಚು ಅನ್ವಯ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಅಂದರೆ ವರ್ಜೀನಿಯಾ ತಂಬಾಕಿನ ಸೀಮೆ. ಮೇ ತಿಂಗಳಲ್ಲಿ ನಾಟಿ, ಜುಲೈನಿಂದ ಸೊಪ್ಪು ಮುರಿದು ಕಡ್ಡಿಗೆ ಕಟ್ಟಿ, ಅದನ್ನು ಬೇಯಿಸುವ ಬ್ಯಾರನ್ ಎಂಬ ಮನೆಗೆ ಏರಿಸುವುದು. ಒಂದು ಸಲ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಒಲೆ ಕಾಯಬೇಕು. ಒಂದು ಕಿಲೋ ಹದವಾದ ಸೊಪ್ಪಿಗೆ ಹೆಚ್ಚುಕಡಿಮೆ ನಾಲ್ಕೈದು ಕಿಲೋ ಸೌದೆ ಬೇಕು. ಹೊಗೆ ಕೊಳವೆಯೊಳಗೆ ಹರಿದು ಚಿಮಣಿಯಿಂದ ಆಚೆ ಹೋಗುತ್ತದೆ, ಸೊಪ್ಪಿಗೆ ತಾಗುವುದಿಲ್ಲ. ಆದರೆ ಒಲೆಯ ಬಾಯಲ್ಲಿ ಕೂತವರ ಎದೆಗೆ ತಾಗುತ್ತದೆ. ಪುಷ್ಯ, ಆಶ್ಲೇಷ ಮಳೆಯ ದಿನಗಳಲ್ಲಿ ಗಾಳಿಯಲ್ಲಿ ತೇವ ತುಂಬಿರುತ್ತದೆ, ಹೊಗೆ ಮೇಲೇಳದೆ ಹಿತ್ತಲಲ್ಲೇ ಕವಿದುಕೊಳ್ಳುತ್ತದೆ. ಆಗ ಒಲೆಯ ಹತ್ತಿರ ಹೋಗದ ಮಕ್ಕಳೂ ಕೆಮ್ಮುತ್ತಾರೆ. ಸೊಪ್ಪು ಮುಗಿಯಿತು ಅನ್ನುವಷ್ಟರಲ್ಲಿ ಕೆ.ಆರ್. ನಗರದ ಕಾಲುವೆ ಬಯಲಿನಲ್ಲಿ ಭತ್ತದ ಒಕ್ಕಣೆ, ಉಳಿದ ಕಡೆ ರಾಗಿ ಕಣದ ದೂಳು. ಬೇಸಿಗೆಯಲ್ಲಿ ಕೋಟೆಯ ಕಾಡಂಚಿನಲ್ಲಿ ಬೆಂಕಿ ಬಿದ್ದರೆ ಆ ಹೊಗೆ. ದಾರಿಯುದ್ದಕ್ಕೂ ಕಾಂಗ್ರೆಸ್ ಗಿಡದ ಹೂವು. ಅಡುಗೆ ಮನೆಯ ಸೌದೆ ಒಲೆ ವರ್ಷವಿಡೀ.

ಅಸ್ತಮಾ ಪಟ್ಟಣದವರ ಕಾಯಿಲೆ ಎಂದು ನಮ್ಮವರು ಹೇಳುವುದುಂಟು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ 1979ರಲ್ಲಿ ಶೇ 9 ಇದ್ದ ಅಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದರು. ಅದನ್ನು ಕೇಳಿ ವಾಹನದ ಹೊಗೆಯೇ ಕಾರಣ, ನಮಗೇನೂ ಆಗದು ಅಂದುಕೊಳ್ಳುವುದು ಸರಿಯಲ್ಲ. ಎದೆಗೆ ಹೋದ ಹೊಗೆ ಸೌದೆಯದೋ ಲಾರಿಯದೋ ಎಂದು ಶ್ವಾಸನಾಳ ವಿಚಾರಿಸುವುದಿಲ್ಲ.

ಹಾಗಾಗಿ ನಿನ್ನ ಡೈರಿಯಲ್ಲಿ ಅಂಕಿಯ ಪಕ್ಕದಲ್ಲಿ ಅವತ್ತು ಮಾಡಿದ ಕೆಲಸ ಇರಲೇಬೇಕು. ಪೇಟೆಯಲ್ಲಿ ಸಿಗುವ ಆ್ಯಪ್‌ಗಳಲ್ಲಿ ಪರಾಗ, ಬೆಕ್ಕು, ನಾಯಿ ಎಂದು ಕಾರಣಗಳ ಪಟ್ಟಿ ಇರುತ್ತದೆ. ಬ್ಯಾರನ್ ಎಂದು ಇರುವುದಿಲ್ಲ. ‘ಸೊಪ್ಪು ಕಟ್ಟಿದೆ’, ‘ರಾತ್ರಿ ಒಲೆ ಕಾದೆ’, ‘ರಾಗಿ ಕೇರಿದೆ’, ‘ತವರಿಗೆ ಹೋಗಿದ್ದೆ’ ಎಂದು ಎರಡೇ ಮಾತು ಬರೆ. ನಾಲ್ಕು ವಾರ ಹೀಗೆ ಬರೆದ ಮೇಲೆ ಹಾಳೆಯನ್ನು ದೂರ ಹಿಡಿದು ನೋಡು. ಒಲೆ ಕಾದ ಮಾರನೆಯ ಬೆಳಿಗ್ಗೆಗಳಲ್ಲೆಲ್ಲ ಅಂಕಿ ಇಳಿದಿದೆಯೋ, ತವರಿನಲ್ಲಿದ್ದ ದಿನಗಳಲ್ಲಿ ಏರಿದೆಯೋ, ಕಣ್ಣಿಗೇ ಕಾಣುತ್ತದೆ. ಕೆಲಸದಿಂದಲೇ ಉಬ್ಬಸವೇ ಎಂದು ತಜ್ಞರು ಪತ್ತೆ ಹಚ್ಚುವ ಕ್ರಮವೂ ಇದೇ. ಆಗ ಅವರು ಕೆಲಸದ ದಿನಗಳಲ್ಲೂ ಬಿಡುವಿನ ದಿನಗಳಲ್ಲೂ ದಿನಕ್ಕೆ ನಾಲ್ಕು ಸಲ ಊದಿಸುತ್ತಾರೆ. ಆ ಹಾಳೆ ನಿನ್ನ ಕೈಲಿದ್ದರೆ ಮನೆಯಲ್ಲಿ ‘ರಾತ್ರಿ ಒಲೆಗೆ ನಾನು ಕೂರಲಾರೆ’ ಅನ್ನಲೂ ಬಾಯಿ ಬರುತ್ತದೆ. ಸೊಸೆ ನೆಪ ಹೇಳುತ್ತಾಳೆ ಎಂದು ಯಾರೂ ಅನ್ನಲಾರರು.

ಊದುವ ಕ್ರಮ ಸರಿಯಿಲ್ಲದಿದ್ದರೆ ಎಲ್ಲಿ ಬರೆದರೂ ವ್ಯರ್ಥ. ಹಾಸಿಗೆಯಿಂದ ಎದ್ದ ಮೇಲೆ, ಪಂಪು (ಇನ್‌ಹೇಲರ್) ತೆಗೆದುಕೊಳ್ಳುವ ಮೊದಲು ಊದಬೇಕು. ಎದ್ದು ನಿಲ್ಲು. ಮುಳ್ಳನ್ನು ಕೆಳಕ್ಕೆ ತಳ್ಳಿ ಸೊನ್ನೆಗೆ ತಾ. ಎದೆ ತುಂಬ ಉಸಿರೆಳೆದುಕೊಂಡು, ಕೊಳವೆಯ ಸುತ್ತ ತುಟಿ ಬಿಗಿಮಾಡಿ, ಒಂದೇ ರಭಸಕ್ಕೆ ಊದು. ನಾಲಗೆ ಅಡ್ಡ ಬರಬಾರದು, ಬೆರಳು ಮುಳ್ಳಿಗೆ ತಾಗಬಾರದು. ಹೀಗೆ ಮೂರು ಸಲ. ಮೂರರಲ್ಲಿ ಹೆಚ್ಚಿನದನ್ನು ಬರೆ, ಸರಾಸರಿ ತೆಗೆಯಬೇಡ. ಸಂಜೆಯೂ ಹಾಗೇ. ಪಕ್ಕದ ಮನೆಯವರ ಮೀಟರಿನಲ್ಲಿ ಊದಿ ಬರೆಯಬೇಡ, ಒಂದೊಂದು ಮೀಟರು ಒಂದೊಂದು ಅಂಕಿ ತೋರಿಸುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಈ ಕೊಳವೆಗೆ ಬ್ಯಾಟರಿ ಬೇಡ, ಕರೆಂಟು ಬೇಡ. ಮಾರ್ಟಿನ್ ರೈಟ್ ಎಂಬವರು ಇದರ ಮೂಲ ಯಂತ್ರವನ್ನು 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾಡಿದರು. ನಿನ್ನ ಕೈಯಲ್ಲಿರುವುದು ಅದರ ಮರಿ.

ಚೆನ್ನಾಗಿರುವ ಎರಡು ವಾರದಲ್ಲಿ ಬಂದ ಅತಿ ಹೆಚ್ಚಿನ ಅಂಕಿಯೇ ನಿನ್ನ ಅಳತೆಗೋಲು. ಅದು 400 ಅನ್ನು. 320ಕ್ಕಿಂತ ಮೇಲಿದ್ದರೆ ಹಸಿರು, 200ರಿಂದ 320ರವರೆಗೆ ಹಳದಿ, 200ಕ್ಕಿಂತ ಕೆಳಗೆ ಕೆಂಪು. ಅಂಕಿಗಿಂತಲೂ ಬೆಳಿಗ್ಗೆ-ಸಂಜೆಯ ಅಂತರವನ್ನು ನೋಡುವುದು ಕಲಿ. ಬೆಳಿಗ್ಗೆ 260, ಸಂಜೆ 340 ಬಂದರೆ ವ್ಯತ್ಯಾಸ 80. ಎರಡರ ಸರಾಸರಿ 300. ಅಂದರೆ ಏರಿಳಿತ ಸುಮಾರು ಶೇ 27. ಒಂದೆರಡು ವಾರದ ಸರಾಸರಿ ಏರಿಳಿತ ದೊಡ್ಡವರಲ್ಲಿ ಶೇ 10, ಮಕ್ಕಳಲ್ಲಿ ಶೇ 13 ದಾಟಿದರೆ ಅದು ಅಸ್ತಮಾದ ಲಕ್ಷಣ. ಸೌದೆ ಒಲೆಯ ಮುಂದೆಯೇ ಆಯಸ್ಸು ಕಳೆದ ನಿಮ್ಮತ್ತೆಯಂಥವರಿಗೆ ಬರುವ ಇನ್ನೊಂದು ಶ್ವಾಸಕೋಶದ ಕಾಯಿಲೆ ಇದೆ. ಅದರಲ್ಲಿ ಅಂಕಿ ಇಷ್ಟು ಏರಿಳಿಯದೆ ಸಾಮಾನ್ಯವಾಗಿ ಕೆಳಗೇ ಇರುತ್ತದೆ. ಅವರನ್ನೂ ಒಮ್ಮೆ ಕರೆದುಕೊಂಡು ಹೋಗಿ ತೋರಿಸು.

ಅಂಕಿಯ ಜೊತೆಗೆ ಇನ್ನು ಮೂರೇ ಸಂಗತಿ. ರಾತ್ರಿ ಉಬ್ಬಸದಿಂದ ಎಚ್ಚರವಾಯಿತೇ? ತಕ್ಷಣ ಆರಾಮ ಕೊಡುವ ಪಂಪನ್ನು ಎಷ್ಟು ಸಲ ಒತ್ತಿದೆ? ದಿನವೂ ತೆಗೆದುಕೊಳ್ಳಬೇಕಾದ ಪಂಪನ್ನು ತೆಗೆದುಕೊಂಡೆಯಾ? ಇದಕ್ಕಿಂತ ಹೆಚ್ಚು ಬರೆಯಲು ಹೋದರೆ ಹತ್ತು ದಿನಕ್ಕೆ ಬೇಸರ ಬರುತ್ತದೆ. ಆರಾಮದ ಪಂಪಿನ ಲೆಕ್ಕ ಬಹಳ ಮುಖ್ಯ ಕಣಮ್ಮ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ, ರಾತ್ರಿ ಒಮ್ಮೆಯಾದರೂ ಎಚ್ಚರವಾಗುತ್ತಿದ್ದರೆ ಉಬ್ಬಸ ಹಿಡಿತದಲ್ಲಿಲ್ಲ ಎಂದೇ ಲೆಕ್ಕ. ‘ಜಿನಾ’ ಎಂಬ ಜಾಗತಿಕ ಅಸ್ತಮಾ ಮಾರ್ಗಸೂಚಿ 2019ರಿಂದ ದೊಡ್ಡವರಿಗೂ ಹದಿಹರೆಯದವರಿಗೂ ಬರೀ ಸಾಲ್ಬುಟಮಾಲ್ ಪಂಪೊಂದನ್ನೇ ನೆಚ್ಚಿಕೊಂಡು ಇರಬಾರದು ಎನ್ನುತ್ತಿದೆ. ಊತ ಇಳಿಸುವ ಔಷಧಿಯೂ ಜೊತೆಗಿರಬೇಕು. ಪಂಪು ಹಿಡಿದರೆ ಬಿಡಲಾಗದು, ಹೆಣ್ಣುಮಕ್ಕಳು ಹಿಡಿಯಬಾರದು ಎನ್ನುವವರ ಮಾತಿಗೆ ಕಿವಿಗೊಡಬೇಡ.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಮೊಬೈಲಿನಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು. ಹೊತ್ತಿಗೆ ಸರಿಯಾಗಿ ಕರೆದು ನೆನಪಿಸುತ್ತದೆ. ಬರೆದ ಗಳಿಗೆಯನ್ನು ತಾನೇ ಗುರುತು ಹಾಕಿಕೊಳ್ಳುತ್ತದೆ, ಆಮೇಲೆ ಬಸ್ಸಿನಲ್ಲಿ ತಿದ್ದಲು ಸುಲಭವಾಗಿ ಬಿಡದು. ಆದರೆ ನಿಮ್ಮ ಮನೆಯ ಸ್ಥಿತಿ ನೋಡು. ದೊಡ್ಡ ಫೋನು ಒಂದೇ. ಅದು ನಿನ್ನ ಯಜಮಾನನ ಜೇಬಿನಲ್ಲಿ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೂ ಹೋಗುತ್ತದೆ, ಸಂಜೆ ಮಗನ ಪಾಠಕ್ಕೂ ಬೇಕು. ಆ್ಯಪ್‌ನ ಮಾತೆಲ್ಲ ಇಂಗ್ಲಿಷಿನಲ್ಲಿದೆ. ಕೋಟೆ ಕಡೆಯ ಕಾಡಂಚಿನ ಊರುಗಳಲ್ಲಿ ನೆಟ್‌ವರ್ಕ್ ಸಿಗಲು ಗುಡ್ಡ ಹತ್ತಬೇಕು. ಫೋನು ಕೆಟ್ಟರೆ, ಬದಲಾಯಿಸಿದರೆ ಹಳೆಯ ಲೆಕ್ಕವೂ ಹೋಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಆ್ಯಪ್‌ನೊಳಗಿನ ಲೆಕ್ಕ ಆ್ಯಪ್ ತೆರೆದವರಿಗೆ ಮಾತ್ರ ಕಾಣುತ್ತದೆ. ಗೋಡೆಯ ಮೇಲಿನ ಹಾಳೆ ಅತ್ತೆಗೂ ಗಂಡನಿಗೂ ಮಗನಿಗೂ ಕಾಣುತ್ತದೆ. ‘ಯಾಕಮ್ಮ, ಮೂರು ದಿನದಿಂದ ಇಳೀತಾ ಇದೆ’ ಎಂದು ಯಾರಾದರೊಬ್ಬರು ಕೇಳುತ್ತಾರೆ. ಆ ಒಂದು ಮಾತಿಗೆ ಯಾವ ಯಂತ್ರವೂ ಸಾಟಿಯಲ್ಲ.

ಮೊಬೈಲಿನಿಂದ ಉಬ್ಬಸ ಹೆಚ್ಚು ಹಿಡಿತಕ್ಕೆ ಬರುತ್ತದೆಯೇ ಎಂದು ಬ್ರಿಟನ್ನಿನಲ್ಲಿ ನೇರವಾಗಿಯೇ ಪರೀಕ್ಷಿಸಿದ್ದಾರೆ. ಉಬ್ಬಸ ಹಿಡಿತದಲ್ಲಿಲ್ಲದ 288 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮೊಬೈಲ್, ಇನ್ನೊಂದಕ್ಕೆ ಕಾಗದ ಕೊಟ್ಟು ಆರು ತಿಂಗಳು ನೋಡಿದರು. ಎರಡೂ ಗುಂಪಿಗೆ ಒಳ್ಳೆಯ ಚಿಕಿತ್ಸೆ ಸಿಕ್ಕಿತ್ತು. 2012ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ಗುಂಪಿನ ಸುಧಾರಣೆಯಲ್ಲಿ ಗಣನೀಯ ವ್ಯತ್ಯಾಸವೇ ಇರಲಿಲ್ಲ. ಮೊಬೈಲಿಗೆ ಖರ್ಚು ಮಾತ್ರ ಹೆಚ್ಚು. ಸ್ಟೋನ್ ಅವರ ಅಧ್ಯಯನ ಲೆಕ್ಕ ಎಷ್ಟು ನಂಬಿಕೆಗೆ ಅರ್ಹ ಎಂದು ಹೇಳಿತು. ಇದು, ಲೆಕ್ಕ ಇಟ್ಟ ಮೇಲೆ ರೋಗಿಗೆ ಏನಾಯಿತು ಎಂದು ಹೇಳಿತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆ ನನ್ನ ತೀರ್ಮಾನ ಹೀಗಿದೆ.

ಲೆಕ್ಕ ಕಾಗದದಲ್ಲಿರಲಿ, ಕಾವಲಿಗೆ ಫೋನು ಇರಲಿ. ಅಡುಗೆ ಮನೆಯ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದೆಯಲ್ಲ, ಅದರ ಪಕ್ಕದಲ್ಲೇ ಹಾಳೆ ತೂಗುಹಾಕು. ಪೆನ್ನನ್ನು ದಾರದಲ್ಲಿ ಕಟ್ಟು. ಮೀಟರೂ ಅಲ್ಲೇ ಒಂದು ಮೊಳೆಗೆ ನೇತಾಡಲಿ. ಫೋನಿನಲ್ಲಿ ಎರಡು ಹೊತ್ತಿಗೆ ಅಲಾರಾಂ ಇಡು. ಅದಕ್ಕೆ ಬಟನ್ ಫೋನೂ ಸಾಕು. ರಾತ್ರಿ ಮಲಗುವ ಮುಂಚೆ ಯಜಮಾನನ ಫೋನಿನಿಂದ ಆ ಹಾಳೆಯ ಒಂದು ಫೋಟೋ ತೆಗೆದು, ಮೈಸೂರಿನಲ್ಲಿ ಓದುತ್ತಿರುವ ನಿನ್ನ ತಮ್ಮನಿಗೆ ವಾಟ್ಸ್‌ಆ್ಯಪ್ ಮಾಡು. ತಾರೀಖು, ಗಂಟೆ ಅದರಲ್ಲೇ ದಾಖಲಾಗುತ್ತದೆ. ಹಾಳೆ ನೆನೆದು ಹೋದರೂ ಲೆಕ್ಕ ಉಳಿಯುತ್ತದೆ. ಒಂದು ದಿನ ಫೋಟೋ ಬರದಿದ್ದರೆ ಅವನು ಫೋನು ಮಾಡಿ ವಿಚಾರಿಸುತ್ತಾನೆ. ಅದೇ ನಿನ್ನ ತಮ್ಮನಿಗೆ ಉಬ್ಬಸವಿದ್ದಿದ್ದರೆ ನಾನು ಆ್ಯಪ್ಪೇ ಹಾಕಿಕೊ ಅನ್ನುತ್ತಿದ್ದೆ. ಹಾಸ್ಟೆಲಿನಲ್ಲಿ ಅವನಿಗೆ ಗೋಡೆಯೂ ಇಲ್ಲ, ಕೇಳುವ ಅತ್ತೆಯೂ ಇಲ್ಲ. ಫೋನು ಮಾತ್ರ ಸದಾ ಕೈಯಲ್ಲಿರುತ್ತದೆ.

ಓದುಬರಹ ಬಾರದವರಿಗೆ ಇದು ಆಗದು ಎಂದು ಬಿಡಬೇಡ. ಮೀಟರಿನ ಮೇಲೆ ಹಸಿರು, ಹಳದಿ, ಕೆಂಪು ಪಟ್ಟಿ ಅಂಟಿಸಿಕೊಟ್ಟರೆ ಮುಳ್ಳು ನಿಂತ ಬಣ್ಣದ ಬೊಟ್ಟನ್ನು ಹಾಳೆಯ ಮೇಲೆ ಇಡಲು ಯಾರಿಗಾದರೂ ಬರುತ್ತದೆ. ಹಾಡಿಯ ಅಜ್ಜಿಗೂ ಬರುತ್ತದೆ, ಐದು ವರ್ಷ ದಾಟಿದ ಮಗುವಿಗೂ ಬರುತ್ತದೆ. ಬೊಟ್ಟೂ ಬೇಡ ಅಂದರೆ ಮೊಮ್ಮಗಳ ಫೋನಿಗೆ ಒಂದು ವಾಯ್ಸ್ ಮೆಸೇಜ್: ‘ಇವತ್ತು ಹಳದಿ, ರಾತ್ರಿ ಎರಡು ಸಲ ಎದ್ದೆ.’ ಅದೂ ಡೈರಿಯೇ.

ಬರೆದದ್ದನ್ನು ನೋಡಿ ಏನು ಮಾಡಬೇಕು ಎಂದು ಗೊತ್ತಿಲ್ಲದಿದ್ದರೆ ಬರೆದೂ ಫಲವಿಲ್ಲ. ಮುಂದಿನ ಸಲ ಹೋದಾಗ ಡಾಕ್ಟರನ್ನು ಬಿಡಬೇಡ. ‘ಹಳದಿಗೆ ಬಂದರೆ ಯಾವ ಪಂಪು ಎಷ್ಟು ಹೆಚ್ಚಿಸಲಿ, ಎಷ್ಟು ದಿನ ನೋಡಲಿ, ಕೆಂಪಿಗೆ ಬಂದರೆ ಏನು ಮಾಡಲಿ?’ ಎಂದು ಕೇಳಿ, ಅದೇ ಹಾಳೆಯ ತಲೆಯ ಮೇಲೆ ಬರೆಸಿಕೊಂಡು ಬಾ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ಪಂಪು ಒತ್ತಿದರೂ ಇಳಿಯದ ಉಬ್ಬಸ, ತುಟಿ ಉಗುರು ನೀಲಿಯಾಗುವುದು ಕಂಡರೆ ಡೈರಿಯನ್ನು ಪಕ್ಕಕ್ಕಿಡು. ಡಾಕ್ಟರು ಬರೆದುಕೊಟ್ಟಂತೆ ಪಂಪು ಒತ್ತುತ್ತಾ 108ಕ್ಕೆ ಫೋನು ಮಾಡಿಸು. ಪಿರಿಯಾಪಟ್ಟಣದಿಂದ ಮೈಸೂರು ಅರವತ್ತು ಕಿಲೋಮೀಟರಿಗೂ ಮಿಕ್ಕ ದೂರ. ಬೆಳಗಾಗಲಿ ಎಂದು ಕಾಯುವುದು ಬೇಡ. ಮೊದಲು ತಾಲ್ಲೂಕು ಆಸ್ಪತ್ರೆ, ಆಮೇಲೆ ಉಳಿದದ್ದು.

ಜೀವಮಾನವಿಡೀ ಬರೆಯಬೇಕೇ ಎಂದು ಹೆದರಬೇಡ. ಉಬ್ಬಸ ಜೋರಿರುವವರು, ಉಸಿರು ಕಟ್ಟಿದ್ದು ತಮಗೇ ತಿಳಿಯದವರು ಮಾತ್ರ ದೀರ್ಘಕಾಲ ಅಳೆಯಬೇಕಾಗುತ್ತದೆ. ನಿನಗೆ ಅಳತೆಗೋಲು ಗೊತ್ತುಮಾಡಿಕೊಳ್ಳಲು ಎರಡು ವಾರ, ಸೊಪ್ಪು ಬೇಯಿಸುವ ಕಾಲ ಪೂರ್ತಿ, ಔಷಧಿ ಬದಲಾಯಿಸಿದಾಗ ಮತ್ತು ನೆಗಡಿ ಜ್ವರ ಬಂದಾಗ ಬರೆದರೆ ಸಾಕು. ಉಳಿದ ದಿನ ಮೀಟರು ಮೊಳೆಯ ಮೇಲೆ ಇರಲಿ.

ನಿಮ್ಮ ಬ್ಯಾರನ್ನಿಗೆ ಬೆಂಕಿ ಬೀಳುವುದು ಜುಲೈನಲ್ಲಿ. ಹೊಗೆಯಿಲ್ಲದ ದಿನಗಳ ಅಂಕಿ ಮೊದಲು ಕೈಯಲ್ಲಿರಬೇಕು, ಇಲ್ಲದಿದ್ದರೆ ಹೊಗೆಯಲ್ಲಿ ಎಷ್ಟು ಇಳಿಯಿತು ಎಂದು ಹೋಲಿಸಲು ಏನೂ ಇರುವುದಿಲ್ಲ. ಜೂನ್ ಮೊದಲ ವಾರದಲ್ಲೇ ಹಾಳೆ ತೂಗುಹಾಕಿ ಊದಲು ಶುರುಮಾಡು. ಮೊದಲ ದಿನದ ಫೋಟೋವನ್ನು ನನಗೂ ಕಳಿಸು.